ಕನ್ನಡಿಯ ಎಡಮೂಲೆ

ಮಂಗಳವಾರ, ಮಧ್ಯಾಹ್ನ
ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲಿಂದ

ನನ್ನ ಮೇಷ್ಟ್ರೇ,

ಕ್ಷೇಮವೇ ಎಂದು ಕೇಳುವುದಿಲ್ಲ. ಕೇಳಿದರೆ "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತೀರಿ. ಕಾಗದ ಬರೆಯುವುದು ತಡವಾಯಿತು, ತಪ್ಪಾಯಿತು. ನಿಮಗೆ ಓದುವ ಅಭ್ಯಾಸ ಮತ್ತೆ ಆಗಬೇಕು, ಮನೆಯವರು ಕೈಯಲ್ಲಿ ಬರೆದ ಕಾಗದವಾದರೆ ಇಷ್ಟಪಟ್ಟು ಓದುತ್ತಾರೆ ಎಂದು ವ್ಯಾಯಾಮ ಮಾಡಿಸುವ ಮೇಡಂ ಹೋದ ವಾರವೇ ಹೇಳಿದ್ದರು. ಪೆನ್ನು ಹಿಡಿದಾಗಲೆಲ್ಲ ಲ್ಯಾಬಿನಿಂದ ಯಾರಾದರೂ ಕೂಗುತ್ತಿದ್ದರು. ಇವತ್ತು ಊಟದ ಹೊತ್ತಿನಲ್ಲಿ ಯಾರ ಕೈಗೂ ಸಿಗದ ಹಾಗೆ ಈ ಮೆಟ್ಟಿಲಿಗೆ ಬಂದು ಕೂತಿದ್ದೇನೆ.

ನೀವು ವಾರ್ಡಿಗೆ ಬಂದ ಮೇಲೆ ಚೆನ್ನಾಗಿ ಮಾತನಾಡುತ್ತಿದ್ದೀರಿ, ನರ್ಸುಗಳನ್ನು ನಗಿಸುತ್ತಿದ್ದೀರಿ, ಟೀ ಕೊಡುವವನಿಗೆ "ಇದಕ್ಕೆ ಟೀ ಪುಡಿ ತೋರಿಸಿದ್ದೀಯೋ, ಬರೀ ಹೆಸರು ಹೇಳಿದ್ದೀಯೋ" ಎಂದು ಕೇಳಿದಿರಂತೆ. ಸ್ಟ್ರೋಕು ನಿಮ್ಮ ನಾಲಿಗೆಯನ್ನು ಮುಟ್ಟಲಿಲ್ಲ, ಪುಣ್ಯ. "ಎಲ್ಲಾರೂ ಬಂದ್ರು, ಇವಳೊಬ್ಬಳು ಮುಖ ತೋರಿಸ್ಲಿಲ್ಲ" ಎಂದು ನಿಮ್ಮ ಅಕ್ಕನ ಹತ್ತಿರ ದೂರುತ್ತೀರಿ ಎಂಬುದೂ ಗೊತ್ತು. ಅದಕ್ಕೆ ನನ್ನ ಹತ್ತಿರ ಉತ್ತರವಿದೆ, ಈಗ ಹೇಳುವುದಿಲ್ಲ. ಮೊದಲು ನೀವು ನನಗೊಂದು ಉತ್ತರ ಕೊಡಬೇಕು. ಮೇಷ್ಟ್ರೇ, ಕುತ್ತಿಗೆಗೆ ಬಂದಿದೆ, ಅದಕ್ಕೇ ಕೇಳುತ್ತಿದ್ದೇನೆ.

ಎಲ್ಲವನ್ನೂ ಮೊದಲಿನಿಂದ ಹೇಳಿ ನೆನಪಿಸಿ ಎಂದು ಡಾಕ್ಟರು ಅಂದಿದ್ದಾರೆ. ಹಾಗಾಗಿ ನಿಮ್ಮದೇ ಪಾಠವನ್ನು ನಿಮಗೇ ಒಪ್ಪಿಸುತ್ತೇನೆ, ಅಕ್ಕನಿಗೂ ಅರ್ಥವಾಗಲಿ. ಮೇಲೆ ಆಕಾಶದಲ್ಲಿ ಭೂಮಿಯನ್ನು ಸುತ್ತುತ್ತಿರುವ ನಮ್ಮ ದೂರದರ್ಶಕದ ದೊಡ್ಡ ಕನ್ನಡಿ ಬಿಸಿಲಿಗೆ ಉಬ್ಬುತ್ತದೆ, ನೆರಳಿಗೆ ಕುಗ್ಗುತ್ತದೆ. ಕೂದಲೆಳೆಯ ಸಾವಿರದಲ್ಲಿ ಒಂದು ಪಾಲು ಸೊಟ್ಟಗಾದರೂ ಸಾಕು, ನಕ್ಷತ್ರ ಕಲಸಿಹೋಗುತ್ತದೆ. ಆ ಸೊಟ್ಟವನ್ನು ಸರಿಮಾಡುವುದಕ್ಕೆ ಅಂಗೈಗಿಂತ ಚಿಕ್ಕದೊಂದು ಚೌಕದ ಕನ್ನಡಿ ಇದೆ. ಅದರ ಬೆನ್ನಿಗೆ ನೂರಾರು ಪಿನ್ನುಗಳು. ಅವನ್ನು ಅಂಟಿಸಿದವಳು ನಾನು. ಯಾವ ಪಿನ್ನು ಎಷ್ಟು ತಳ್ಳಬೇಕು, ಎಷ್ಟು ಎಳೆಯಬೇಕು ಎಂದು ಕ್ಷಣಕ್ಷಣಕ್ಕೂ ಚಿತ್ರ ನೋಡಿ ತೀರ್ಮಾನಿಸುವುದು ನಮ್ಮ ಕೃತಕ ಬುದ್ಧಿಮತ್ತೆ, ಅಂದರೆ ನಿಮ್ಮ ಮರಿ. ಅದಕ್ಕೆ ಆ ಹೆಸರಿಟ್ಟವರೂ ನೀವೇ. ನೀವು ವರ್ಷಗಟ್ಟಲೆ ಕೈಯಾರೆ ಗುಂಡಿ ತಿರುಗಿಸಿ ಕನ್ನಡಿ ಸರಿಮಾಡುತ್ತಿದ್ದಿರಿ, ಅದು ಪಕ್ಕದಲ್ಲಿ ಕೂತು ನೋಡಿ ನೋಡಿ ಕಲಿಯಿತು. ನಿಮಗೆ ಮೇಷ್ಟ್ರು ಎಂಬ ಹೆಸರು ಬಿದ್ದದ್ದೂ ಅದರಿಂದಲೇ.

ಈಗ ನಕ್ಷತ್ರಗಳಿಗೆ ಬಾಲ ಬಂದಿದೆ. ಪ್ರತಿಯೊಂದಕ್ಕೂ ಒಂದೇ ಕಡೆಗೆ ಎಳೆದ ಬಾಲ. ಈ ಕಾಲದಲ್ಲಿ ದೊಡ್ಡ ಕನ್ನಡಿಯ ಎಡಭಾಗಕ್ಕೆ ಬಿಸಿಲು ಜಾಸ್ತಿ, ಸೊಟ್ಟವೂ ಅಲ್ಲೇ. ಚಿಕ್ಕ ಕನ್ನಡಿಯ ಎಡಗಡೆ ಕೆಳಮೂಲೆಯ ಪಿನ್ನುಗಳು ಅದನ್ನು ಸರಿಮಾಡಬೇಕು. ಅವು ಒಂದಿಷ್ಟೂ ಅಲ್ಲಾಡುತ್ತಿಲ್ಲ. ಅಕ್ಕಪಕ್ಕದ ಪಿನ್ನುಗಳು ಆ ಮೂಲೆಯ ಕೆಲಸವನ್ನೂ ಹೊತ್ತು, ಕೊನೆಯವರೆಗೆ ಚಾಚಿ ಚಾಚಿ ಸುಸ್ತಾಗಿವೆ. "ತಂತಿ ಸುಟ್ಟಿದೆ, ಬರೆದಿಟ್ಕೊಳ್ಳಿ" ಎನ್ನುತ್ತಾರೆ ನಮ್ಮ ಎಲೆಕ್ಟ್ರಿಕಲ್ ಮಾವ. ಎಲ್ಲರ ಮೇಲೂ ಮಾವನ ಅಧಿಕಾರ ಚಲಾಯಿಸುವ ಅವರ ಚಾಳಿ ನಿಮಗೆ ಗೊತ್ತಲ್ಲ. ಸುಟ್ಟ ಜಾಗಕ್ಕೆ ಕರೆಂಟು ಕೊಟ್ಟರೆ ಉಳಿದದ್ದೂ ಸುಡುತ್ತದಂತೆ. ಅದಕ್ಕೆ ಶುಕ್ರವಾರ ಮೀಟಿಂಗಿನಲ್ಲಿ ಮರಿಯನ್ನು ನಿಲ್ಲಿಸಿ, ಚಿಕ್ಕ ಕನ್ನಡಿಯ ಕರೆಂಟು ತೆಗೆದು, ಅದನ್ನು ಸಪಾಟಾಗಿ ಬಿಟ್ಟುಬಿಡುವುದೆಂದು ತೀರ್ಮಾನ ಮಾಡುತ್ತಾರಂತೆ. ಆಮೇಲೆ ದೂರದರ್ಶಕ ಮೇಲಿದ್ದೂ ಇಲ್ಲದ ಹಾಗೆ. ಒಮ್ಮೆ ತೆಗೆದರೆ ಆ ಚಳಿಯಲ್ಲಿ ಪಿನ್ನುಗಳು ಮತ್ತೆ ಏಳುವುದಿಲ್ಲ ಎಂದು ನಿಮಗೂ ಗೊತ್ತು.

ನನಗೆ ತಂತಿ ಸುಟ್ಟಿದೆ ಎಂದು ಅನ್ನಿಸುತ್ತಿಲ್ಲ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. "ಅನ್ಸೋದನ್ನ ಮೀಟಿಂಗಲ್ಲಿ ಹೇಳೋಕಾಗಲ್ಲಮ್ಮ" ಎಂದರು ಡೈರೆಕ್ಟರು. ಒಂದು ಕಡೆ ನೀವು ಹೀಗೆ ಮಲಗಿದ್ದೀರಿ, ಇನ್ನೊಂದು ಕಡೆ ನಿಮ್ಮ ಕೆಲಸವನ್ನೂ ಮಲಗಿಸಲು ಹೊರಟಿದ್ದಾರೆ. ನನಗೆ ಇರುವುದು ಎರಡೇ ಕೈ. ಆ ಮೂಲೆಯ ವಿಷಯ ನಿಮಗೆ ಏನು ನೆನಪಿದೆ? ಏನಾದರೂ ಸರಿ, ಒಂದು ಮಾತು ಅಕ್ಕನಿಗೆ ಹೇಳಿ. ಇಲ್ಲವೇ ಕನ್ನಡಿಯ ಚಿತ್ರ ಬರೆದು ಬೊಟ್ಟು ಮಾಡಿ ತೋರಿಸಿ.

ನಿಮ್ಮ ಮಾತಿಗೆ ಕಾಯುತ್ತಿರುವ,
ನಿಮ್ಮವಳು


ಗುರುವಾರ, ಮಧ್ಯಾಹ್ನ
ಬಸ್ಸಿನಲ್ಲಿ, ಮಡಿಲ ಮೇಲೆ ಹಲಗೆ ಇಟ್ಟುಕೊಂಡು

ಮೇಷ್ಟ್ರೇ,

ಅಕ್ಷರ ಕುಣಿಯುತ್ತಿವೆ, ಬಸ್ಸಿನದು ತಪ್ಪು. ಈ ಕಾಗದ ನೋಡಿ ನಿಮಗೆ ನಗು ಬರಬಹುದು. ಹಾಳೆಯ ಬಲಗಡೆ ಅರ್ಧದಲ್ಲಿ ಮಾತ್ರ ಬರೆದಿದ್ದೇನೆ. ಎಡಗಡೆ ಅರ್ಧ ಖಾಲಿ, ಅದರ ತುದಿಯಲ್ಲಿ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ. ಎಲ್ಲವೂ ವ್ಯಾಯಾಮದ ಮೇಡಂ ಹೇಳಿದ ಹಾಗೆ.

ಮೊನ್ನೆಯ ಕಾಗದ ಓದಿ ನೀವು "ಇವಳಿಗೆ ತಲೆ ಕೆಟ್ಟಿದೆ, ಅರ್ಧರ್ಧ ಮಾತು ನುಂಗಿ ಬರ್ದಿದ್ದಾಳೆ" ಎಂದು ಬಿಸಾಡಿದಿರಂತೆ. ಅಕ್ಕ ತೆಗೆದು ನೋಡಿದರೆ ಸರಿಯಾಗಿಯೇ ಇದೆ. ಮೇಡಂ ಬಂದು ನಿಮ್ಮ ಕೈಯಲ್ಲಿ ಜೋರಾಗಿ ಓದಿಸಿದರು. ನೀವು ಪ್ರತಿ ಸಾಲನ್ನೂ ನಡುವಿನಿಂದ ಶುರುಮಾಡಿ ಬಲಗಡೆಯ ಕೊನೆಯವರೆಗೆ ಓದುತ್ತೀರಿ. ಎಡಗಡೆಯ ಅರ್ಧ ಸಾಲು ನಿಮ್ಮ ಪಾಲಿಗೆ ಬರೆದೇ ಇಲ್ಲ. ಸ್ಟ್ರೋಕಾದ ಮೇಲೆ ಎಡಗಡೆ ಗಮನ ಕಡಿಮೆ ಎಂದು ಡಾಕ್ಟರು ಹೇಳಿಯೇ ಇದ್ದರು. ಹಾಳೆಗೂ ಒಂದು ಎಡಗಡೆ ಇರುತ್ತದೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಕಣ್ಣು ಚೆನ್ನಾಗಿದೆಯಂತೆ. ನೋಡಬೇಕು ಎಂದು ಮಿದುಳಿಗೆ ಅನ್ನಿಸುವುದೇ ಇಲ್ಲವಂತೆ. ಅಕ್ಕ ಮೊನ್ನೆಯ ಕಾಗದವನ್ನು ನಿಮಗೆ ಪೂರ್ತಿ ಓದಿ ಹೇಳಿದ್ದಾರೆ. ಆದರೆ ಇನ್ನು ಮುಂದೆ ಯಾರೂ ಓದಿ ಹೇಳಬಾರದು, ನೀವೇ ಓದಬೇಕು ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದಾರೆ. ಕೆಂಪು ಗೆರೆ ಸಿಗುವ ತನಕ ಎಡಕ್ಕೆ ಬನ್ನಿ, ಸಿಕ್ಕಿದ ಮೇಲೆ ಓದಲು ಶುರುಮಾಡಿ. ಸಿಗದಿದ್ದರೂ ಚಿಂತೆ ಇಲ್ಲ, ನನ್ನ ಮಾತೆಲ್ಲ ಬಲಗಡೆಯೇ ಇದೆ.

ನೀವು ಬರೆದುಕೊಟ್ಟ ಕನ್ನಡಿಯ ಚಿತ್ರವನ್ನು ಅಕ್ಕ ನನಗೆ ಕೊಟ್ಟರು. ಬಲಗಡೆಯ ಪಿನ್ನುಗಳೆಲ್ಲ ಒಂದೂ ತಪ್ಪದೆ ಸಾಲಾಗಿ, ನಿಮ್ಮ ಕೈ ಎಂದರೆ ನಿಮ್ಮ ಕೈ. ಎಡಗಡೆ ಏನೂ ಇಲ್ಲ. ಚೌಕದ ಗೆರೆಯೂ ಅಲ್ಲಿ ನಿಂತುಹೋಗಿದೆ. "ಮೂಲೆ ಮೂಲೆ ಅಂತಾಳಲ್ಲ, ಯಾವ ಮೂಲೆ? ಕನ್ನಡಿ ಸರಿಯಾಗೇ ಇದೆಯಲ್ಲ" ಎಂದು ಕೇಳಿದಿರಂತೆ. ಲೋಕದಲ್ಲಿ ಆ ಮೂಲೆಯ ವಿಷಯ ಗೊತ್ತಿರುವವರು ನೀವೊಬ್ಬರೇ ಎಂದು ನಂಬಿದ್ದೆ. ಹೋಗಿ ಹೋಗಿ ನಿಮಗೇ ಆ ಮೂಲೆ ಇಲ್ಲವಾಯಿತು. ನನ್ನ ಹಣೆಬರಹ ಬರೆದವನು ಕೈಗೆ ಸಿಕ್ಕಿದ್ದರೆ ಜುಟ್ಟು ಹಿಡಿದು ಕೇಳುತ್ತಿದ್ದೆ.

ಆ ಚಿತ್ರವನ್ನು ನಿನ್ನೆ ಡೈರೆಕ್ಟರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಮಾವ ಹಿಂದಿನಿಂದ ಬಗ್ಗಿ ನೋಡಿ, "ಪಾಪ, ಕಲಿಸಿದೋರ ತಲೆಯಲ್ಲೇ ಇಷ್ಟು ಎಡವಟ್ಟು, ಮರಿ ಏನು ಮಾಡುತ್ತೆ" ಎಂದರು. ನನಗೆ ಎಲ್ಲಿಂದ ಬಂತೋ ಸಿಟ್ಟು, "ಮರಿ ಕಲಿತಾಗ ಅವರ ತಲೆ ನಿಮ್ಮ ಹತ್ತು ತಲೆಗೆ ಸಮ ಇತ್ತು" ಎಂದು ಕೂಗಿಬಿಟ್ಟೆ. ಇಡೀ ಕಾರಿಡಾರು ತಿರುಗಿ ನೋಡಿತು. ಆಮೇಲೆ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಾವ ಕೆಟ್ಟವರಲ್ಲ, ಬಾಯಿ ಕೆಟ್ಟದ್ದು. ಸಂಜೆ ತಾವೇ ಬಂದು ನನ್ನ ಮೇಜಿನ ಮೇಲೆ ಬಿಸ್ಕೆಟ್ ಪ್ಯಾಕೆಟ್ಟು ಇಟ್ಟು ಹೋದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಎರಡು ಹೊತ್ತೂ ಅರ್ಧ ಊಟ ಬಿಡುತ್ತೀರಿ, ತೂಕ ಇಳಿಯುತ್ತಿದೆ. ಹೊಟ್ಟೆಯ ಒಳಗೇನೋ ತೊಂದರೆ ಇರಬಹುದು ಎಂದು ವಾರ್ಡಿನ ಡಾಕ್ಟರು ಸ್ಕ್ಯಾನಿಗೆ ಬರೆದರು, ಹಸಿವಿಗೆ ಟಾನಿಕ್ಕು ಕೊಟ್ಟರು. ಇವತ್ತು ಮಧ್ಯಾಹ್ನ ನೀವು ಚಮಚ ಕೆಳಗಿಟ್ಟು "ಇಷ್ಟೇನಾ? ಇನ್ನೂ ಹಸಿವಾಗ್ತಿದೆ" ಎಂದಿರಿ. ತಟ್ಟೆಯ ಎಡಗಡೆ ಅನ್ನ, ಪಲ್ಯ ಎಲ್ಲ ಹಾಗೇ ಇತ್ತು, ಬಲಗಡೆ ತೊಳೆದ ಹಾಗೆ ಖಾಲಿ. ತಟ್ಟೆಯನ್ನು ಅಲ್ಲೇ ಅರ್ಧ ಸುತ್ತು ತಿರುಗಿಸಿದ್ದಾಯಿತು. "ಅರೆ, ಇದು ಎಲ್ಲಿಂದ ಬಂತು!" ಎಂದು ನೀವು ಒಂದು ಅಗುಳೂ ಬಿಡದೆ ಊಟ ಮಾಡಿದಿರಿ. ಹೊಟ್ಟೆಗೆ ಏನೂ ಆಗಿರಲಿಲ್ಲ. ತಟ್ಟೆ ತಿರುಗಿಸಿದ್ದು ಅಕ್ಕ ಎಂದು ಅವರ ಕೈ ಹಿಡಿದು ನಕ್ಕಿರಂತೆ.

ಮೇಷ್ಟ್ರೇ, ಆಗ ನನಗೆ ಹಳೇ ಕನ್ನಡಿ ನೆನಪಾಯಿತು. ಲ್ಯಾಬಿನ ಮೊದಲನೇ ಕನ್ನಡಿ, ನಾನು ಅಂಟಿಸಿದ್ದು. ಒಲೆಯಲ್ಲಿ ಅಂಟು ಕಾಯಿಸುವಾಗ ಒಂದು ಮೂಲೆ ಬಿಟ್ಟುಕೊಂಡು, ಅಲ್ಲಿನ ಪಿನ್ನುಗಳು ತಳ್ಳಿದರೂ ಕನ್ನಡಿ ಏಳುತ್ತಿರಲಿಲ್ಲ. ಹೊಸ ಕನ್ನಡಿ ಬರುವ ತನಕ ಇದರಲ್ಲೇ ಕಲಿಸುತ್ತೇನೆ ಎಂದು ನೀವು ಆ ಮೂಲೆಗೆ ಹಳದಿ ಟೇಪು ಹಚ್ಚಿದಿರಿ. "ಇಲ್ಲಿಗೆ ಕೈ ಹಾಕ್ಬೇಡಿ, ಮಲಗಿದೆ, ಎಬ್ಬಿಸ್ಬೇಡಿ" ಎಂದು ಎಲ್ಲರಿಗೂ ಹೇಳಿದಿರಿ. ನೀವೂ ಕೈ ಹಾಕಲಿಲ್ಲ, ಅಕ್ಕಪಕ್ಕದ ಪಿನ್ನುಗಳಲ್ಲೇ ಸುಧಾರಿಸಿದಿರಿ. ಮರಿ ಅದನ್ನೂ ನೋಡುತ್ತಿತ್ತಲ್ಲ! ಅದಕ್ಕೆ ಟೇಪು ಕಾಣುವುದಿಲ್ಲ, ಅಂಟು ಬಿಟ್ಟಿದ್ದೂ ಗೊತ್ತಿಲ್ಲ. ಮೇಷ್ಟ್ರು ಆ ಮೂಲೆಗೆ ಎಂದೂ ಹೋಗುವುದಿಲ್ಲ, ಹಾಗಾದರೆ ಆ ಮೂಲೆ ಇಲ್ಲ, ಅಷ್ಟೇ ಅದರ ಲೆಕ್ಕ. ಅದು ಎಡಗಡೆ ಕೆಳಮೂಲೆ.

ಮೇಲಿರುವ ಕನ್ನಡಿಯ ಆ ಮೂಲೆ ಜೀವಂತವಾಗಿದೆ. ತಂತಿಯೂ ಸುಟ್ಟಿಲ್ಲ, ಪಿನ್ನೂ ಸತ್ತಿಲ್ಲ. ಮರಿ ಅಲ್ಲಿಗೆ ಕೈ ಹಾಕುತ್ತಿಲ್ಲ. ಮೇಲೆ ಕಳಿಸಿದಾಗ ಸೊಟ್ಟ ಬೇರೆ ಕಡೆ ಇತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಇದು ನಿಜವೋ, ನಾನು ಹತಾಶೆಯಲ್ಲಿ ಕಟ್ಟಿಕೊಂಡ ಕಥೆಯೋ ನಾಳೆ ಬೆಳಿಗ್ಗೆಯೊಳಗೆ ತೋರಿಸಬೇಕು. ಲ್ಯಾಬಿನಲ್ಲಿ ಮೇಲಿನದರ ಜೋಡಿ ಕನ್ನಡಿ ಇದೆ, ಎಲ್ಲ ಪಿನ್ನೂ ಗಟ್ಟಿ. ಮರಿಯನ್ನು ಅದರ ಮುಂದೆ ಕೂರಿಸುತ್ತೇನೆ. ಈ ಬಸ್ಸು ಬೇರೆ ಎಲ್ಲ ಸ್ಟಾಪಿನಲ್ಲೂ ಸಂಸಾರ ಹೂಡುತ್ತಿದೆ.

ನೀವು ಊಟ ಮಾಡಿ. ತಟ್ಟೆ ಖಾಲಿ ಎಂದು ಕಂಡರೆ ತಿರುಗಿಸಿ ನೋಡಿ.

ಓಡುತ್ತಿರುವ,
ನಿಮ್ಮವಳು


ಸೋಮವಾರ, ಬೆಳಿಗ್ಗೆ
ನಮ್ಮ ಮನೆಯ ಅಡುಗೆ ಕಟ್ಟೆಯ ಹತ್ತಿರ ನಿಂತು

ಪ್ರೀತಿಯ ಮೇಷ್ಟ್ರೇ,

ಹಿಂದಿನ ಕಾಗದವನ್ನು ನೀವು ಪೂರ್ತಿ ಓದಿದಿರಿ ಎಂದು ಅಕ್ಕ ಹೇಳಿದರು. ಬಲಗಡೆಯ ಅರ್ಧ. "ಈಗ ಸರಿಯಾಗಿ ಬರ್ದಿದ್ದಾಳೆ ನೋಡು, ಮೊದಲು ಏನಾಗಿತ್ತೋ" ಎಂದಿರಂತೆ. ಕೆಂಪು ಗೆರೆ ಸಿಕ್ಕಿತಾ ಎಂದು ಮೇಡಂ ಕೇಳಿದರೆ "ಯಾವ ಗೆರೆ?" ಎಂದಿರಂತೆ. ಇರಲಿ. ಈ ಹಾಳೆಯಲ್ಲೂ ಗೆರೆ ಎಳೆದಿದ್ದೇನೆ, ಈ ಸಲ ದಪ್ಪಗೆ.

ನಿಮ್ಮ ಮರಿಯ ಸುದ್ದಿ ಹೇಳುತ್ತೇನೆ, ಕೂತು ಓದಿ. ಗುರುವಾರ ಸಂಜೆ ಜೋಡಿ ಕನ್ನಡಿಯ ಮುಂದೆ ಮರಿಯನ್ನು ಕೂರಿಸಿ, ಬೇಕೆಂದೇ ಎಡಗಡೆ ಸೊಟ್ಟ ಮಾಡಿದ ಚಿತ್ರ ಕೊಟ್ಟೆ. ಮೇಲೆ ಏನು ಮಾಡುತ್ತಿದೆಯೋ ಅದನ್ನೇ ಮಾಡಿತು. ಆ ಮೂಲೆಯನ್ನು ಮುಟ್ಟಲಿಲ್ಲ, ಅಕ್ಕಪಕ್ಕದ ಪಿನ್ನುಗಳನ್ನು ಕೊನೆಯವರೆಗೆ ಎಳೆದು ಒದ್ದಾಡಿತು. ಜೋಡಿ ಕನ್ನಡಿಯ ತಂತಿಗಳನ್ನು ಹಾಕಿದವರು ಮಾವನೇ. "ಇದರಲ್ಲೂ ತಂತಿ ಸುಟ್ಟಿದೆಯಾ?" ಎಂದು ಕೇಳಿದೆ. ಅವರು ಮೀಟರು ತಂದು ಒಂದೊಂದನ್ನೇ ಮುಟ್ಟಿ ನೋಡಿದರು. ಮುಖ ಸಣ್ಣದಾಯಿತು. "ಗಟ್ಟಿಯಾಗಿದೆ" ಎಂದರು.

ಆಮೇಲೆ ತಟ್ಟೆ ತಿರುಗಿಸಿದೆ. ಅಂದರೆ, ಮರಿಗೆ ತೋರಿಸುವ ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದೆವು. ಅದು ಹೇಳುವ ಲೆಕ್ಕವನ್ನು ಪಿನ್ನುಗಳಿಗೆ ಕೊಡುವ ಮೊದಲು ಮತ್ತೆ ವಾಪಸ್ಸು ತಿರುಗಿಸಿದೆವು. ಈಗ ಎಡಗಡೆಯ ಸೊಟ್ಟ ಮರಿಗೆ ಬಲಗಡೆ ಕಾಣುತ್ತದೆ. ಅದು ಬಿಟ್ಟುಬಿಡುವ ಮೂಲೆ ಸೊಟ್ಟವಿಲ್ಲದ ಕಡೆ ಬೀಳುತ್ತದೆ. ಗುಂಡಿ ಒತ್ತಲು ಹೋದೆ, ಮಾವ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ತಾವೇ ಒತ್ತಿದರು. ಆ ಮೂಲೆಯ ಪಿನ್ನುಗಳು ಎದ್ದವು! ಒಂದರ ಹಿಂದೆ ಒಂದು ಎದ್ದವು ಮೇಷ್ಟ್ರೇ. ಬಾಲ ಒಳಗೆ ಸೇರಿಕೊಂಡು, ಪರದೆಯ ಮೇಲೆ ಬೆಳಕು ಒಂದೇ ಚುಕ್ಕೆಯಾಗಿ ಕೂತಿತು.

ಶುಕ್ರವಾರದ ಮೀಟಿಂಗಿನಲ್ಲಿ ಜೋಡಿ ಕನ್ನಡಿಯ ಎರಡೂ ಚಿತ್ರಗಳನ್ನು ಮೇಜಿನ ಮೇಲಿಟ್ಟೆ. ಮಾವನೇ ಎದ್ದು ನಿಂತು, "ತಂತಿ ಸುಟ್ಟಿದೆ ಅಂತ ಹೇಳಿದ್ದೋನು ನಾನು. ಸುಟ್ಟಿಲ್ಲ ಅಂತ ಹೇಳ್ತಿರೋನೂ ನಾನೇ" ಎಂದರು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ಡೈರೆಕ್ಟರು ಕೇಳಿದರು. "ಆದ್ರೆ ನಮ್ಮಿಬ್ಬರನ್ನೂ ಮನೆಗೆ ಕಳಿಸಿ" ಎಂದರು ಮಾವ. ನನ್ನನ್ನು ಒಂದು ಮಾತೂ ಕೇಳದೆ ನನ್ನ ನೌಕರಿಯನ್ನೂ ಪಣಕ್ಕಿಟ್ಟುಬಿಟ್ಟರು, ನೋಡಿ.

ನಿನ್ನೆ ಮಧ್ಯಾಹ್ನ ದೂರದರ್ಶಕ ನಮ್ಮ ತಲೆಯ ಮೇಲೆ ಹಾದುಹೋಗುವಾಗ ಆದೇಶ ಕಳಿಸಿದೆವು. ಅದು ಮರೆಯಾಗಿ, ಸುತ್ತು ಹಾಕಿ ಬರುವವರೆಗೆ ಯಾರೂ ಕುರ್ಚಿಯ ಮೇಲೆ ಕೂರಲಿಲ್ಲ. ನಾನು ನಿಮ್ಮ ಮೇಜಿನ ಹತ್ತಿರ ನಿಂತಿದ್ದೆ. ನಿಮ್ಮ ಸ್ವೆಟರು ಇನ್ನೂ ಕುರ್ಚಿಯ ಬೆನ್ನಿಗೆ ಇದೆ, ಅದರ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಮೊದಲ ಚಿತ್ರ ಇಳಿಯಿತು. ಬಾಲ ಇಲ್ಲ. ಎಷ್ಟೋ ವಾರ ಮಸುಕಾಗಿದ್ದ ಆ ಜೋಡಿ ನಕ್ಷತ್ರ, ನೀವು ಗಂಡ ಹೆಂಡತಿ ಎಂದು ಕರೆಯುತ್ತಿದ್ದಿರಲ್ಲ, ಬೇರೆ ಬೇರೆ ಎರಡು ಚುಕ್ಕೆಯಾಗಿ ಪಕ್ಕಪಕ್ಕದಲ್ಲಿ ಕೂತಿದ್ದವು. ಎಲ್ಲರೂ ಕೂಗಾಡಿದರು. ಡೈರೆಕ್ಟರು ಮಾವನನ್ನು ತಬ್ಬಿಕೊಂಡರು. ನಾನು ಸ್ವೆಟರಿನ ತೋಳು ಬಿಡಲಿಲ್ಲ.

ನಿಮ್ಮ ಕೆಲಸ ಉಳಿಯಿತು. ನೀವು ತಪ್ಪು ಕಲಿಸಲಿಲ್ಲ ಎಂದು ಡೈರೆಕ್ಟರು ಎಲ್ಲರ ಎದುರು ಹೇಳಿದರು. ಆದರೆ ಇದು ಸದ್ಯಕ್ಕೆ ಮಾತ್ರ. ಕಾಲ ಬದಲಾಗಿ ಬಿಸಿಲು ಇನ್ನೊಂದು ಕಡೆಗೆ ಬಂದರೆ ಮತ್ತೆ ತಿರುಗಿಸಬೇಕು. ಮರಿಗೆ ಆ ಮೂಲೆ ಇವತ್ತೂ ಇಲ್ಲ. ನಾವು ಚಿತ್ರ ತಿರುಗಿಸಿ ಅದನ್ನು ಯಾಮಾರಿಸಿದ್ದೇವೆ, ಅಷ್ಟೇ. ಅಲ್ಲೊಂದು ಮೂಲೆ ಇದೆ, ಅದೂ ನಿನ್ನದೇ ಎಂದು ಅದಕ್ಕೆ ಕೂತು ಕಲಿಸಬೇಕು. "ಅದಕ್ಕೆ ಮೇಷ್ಟ್ರೇ ಬರ್ಬೇಕು, ಕುರ್ಚಿ ಹಾಗೇ ಇಟ್ಟಿರ್ತೀನಿ" ಎಂದಿದ್ದಾರೆ ಡೈರೆಕ್ಟರು. ಬೇಗ ಬನ್ನಿ. ನನ್ನ ಕೈಲಿ ಒಬ್ಬಳೇ ಆಗುತ್ತಿಲ್ಲ. ಇದನ್ನು ಇನ್ಯಾರ ಹತ್ತಿರವೂ ಹೇಳಿಲ್ಲ.

ಅಕ್ಕನ ಕೈಯಲ್ಲಿ ತೊಳೆದ ಬನಿಯನ್ನು, ನಿಮ್ಮ ಶೇವಿಂಗ್ ಡಬ್ಬಿ ಕಳಿಸಿದ್ದೇನೆ. ಗಡ್ಡ ಬಲಗೆನ್ನೆಗೆ ಮಾತ್ರ ಮಾಡಿಕೊಂಡು ಎದ್ದುಬಿಡಬೇಡಿ, ಎಡಗೆನ್ನೆಯನ್ನೂ ಕೈಯಿಂದ ಸವರಿ ನೋಡಿ. ನಿಮ್ಮ ಎಡಕ್ಕೆ ತಿರುಗದ ಕುತ್ತಿಗೆಗೂ, ಹೊಟ್ಟೆಗೂ, ನಾಲಿಗೆಗೂ ಒಳ್ಳೆಯದಾಗಲಿ. ನೀವು ಎದ್ದು ನಡೆಯುವ ಹಾಗಾಗಲಿ.

ಎಂದೆಂದಿಗೂ,
ನಿಮ್ಮವಳು

ತಾ.ಕ.

ಇದನ್ನು ಎಡಗಡೆಯ ಖಾಲಿ ಜಾಗದಲ್ಲಿ, ಕೆಂಪು ಗೆರೆಯ ಪಕ್ಕದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ. ಅಕ್ಕಾ, ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಓದಿ ಹೇಳಬೇಡಿ.

ನಾನು ಬಂದಿದ್ದೆ. ನೀವು ವಾರ್ಡಿಗೆ ಬಂದ ದಿನದಿಂದ ಒಂದು ದಿನವೂ ತಪ್ಪಿಸಿಲ್ಲ. ಮೊದಲ ದಿನ ನಿಮ್ಮ ಎಡಗಡೆ ಕುರ್ಚಿ ಇತ್ತು, ಅಲ್ಲಿ ಕೂತೆ. ನೀವು ಈ ಕಡೆ ತಿರುಗಲೇ ಇಲ್ಲ. ಕೋಪ ಮಾಡಿಕೊಂಡಿದ್ದೀರಿ ಎಂದುಕೊಂಡೆ. ಬಲಗಡೆಗೆ ಹೋಗಲು ಎದ್ದರೆ ಮೇಡಂ ನನ್ನನ್ನು ಹೊರಗೆ ಕರೆದು, "ಅಲ್ಲೇ ಕೂತಿರಿ. ಎಲ್ಲಿದ್ದೀರಿ ಅಂತ ಯಾರೂ ಹೇಳ್ಬೇಡಿ, ಅವರೇ ಹುಡುಕ್ಬೇಕು. ಬಲಗಡೆ ಎಲ್ಲಾ ಸಿಕ್ಕಿದ್ರೆ ಅವರು ಎಡಗಡೆ ಯಾಕೆ ಹುಡುಕ್ತಾರೆ? ಅವರಿಗೆ ಯಾರನ್ನ ನೋಡ್ಬೇಕು ಅಂತ ಜಾಸ್ತಿ ಆಸೆಯೋ ಅವರೇ ಆ ಕಡೆ ಇರ್ಬೇಕು" ಎಂದರು. ಅಂದಿನಿಂದ ಅಲ್ಲೇ ಕೂರುತ್ತಿದ್ದೇನೆ. ನಿಮ್ಮ ಎಡಗೈ ನನ್ನ ಎರಡು ಕೈಯಲ್ಲಿ ಇರುತ್ತದೆ. ನಾನು ಮಾತನಾಡಿದರೆ ನೀವು ಬಲಕ್ಕೆ ತಿರುಗಿ ಅಕ್ಕನ ಮಡಿಲಲ್ಲಿ ಹುಡುಕುತ್ತೀರಿ. "ಫೋನು ಸ್ಪೀಕರಿಗೆ ಹಾಕಿದ್ದೀಯಾ ಅಕ್ಕ? ಹತ್ರದಲ್ಲೇ ಕೇಳಿಸುತ್ತೆ" ಎನ್ನುತ್ತೀರಿ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ತಟ್ಟೆ ತಿರುಗಿಸಿದ್ದು ಅಕ್ಕ ಅಲ್ಲ, ನಾನು. ಹಸಿವು ಎಂದಿರಿ, ತಡೆಯಲಾಗಲಿಲ್ಲ. ಮೇಡಂ ಬೈದರು. ಇನ್ನು ತಿರುಗಿಸುವುದಿಲ್ಲ. ನಿನ್ನೆ ನಕ್ಷತ್ರದ ಚಿತ್ರವನ್ನು ಮಡಿಸಿ ಹಿಡಿದು ಲ್ಯಾಬಿನಿಂದ ಓಡಿ ಬಂದೆ, ನಿಮಗೆ ಮೊದಲು ತೋರಿಸಬೇಕೆಂದು. ನೀವು ಅಕ್ಕನಿಗೆ ಹೇಳುತ್ತಿದ್ದಿರಿ: "ಬಿಡು, ಅವಳಿಗೆ ಕನ್ನಡಿ ಇದ್ರೆ ಸಾಕು. ನಾನು ಇನ್ನು ಅವಳ ದಾರಿ ನೋಡಲ್ಲ." ನಾನು ಅಲ್ಲೇ ಇದ್ದೆ. ನಿಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತಿದ್ದೆ.

ಹಾಗನ್ನಬೇಡಿ. ದಾರಿ ನೋಡುವುದನ್ನು ಬಿಟ್ಟರೆ ನೀವು ಎಂದಿಗೂ ಈ ಕಡೆ ತಿರುಗುವುದಿಲ್ಲ. ಬೈಯಿರಿ, ಶಾಪ ಹಾಕಿ, ಆದರೆ ನನ್ನನ್ನು ಹುಡುಕುವುದನ್ನು ಬಿಡಬೇಡಿ.

ಇದನ್ನು ನೀವು ಓದುತ್ತಿದ್ದರೆ ಕೆಂಪು ಗೆರೆ ಸಿಕ್ಕಿದೆ ಎಂದರ್ಥ. ಹಾಗೇ ಕಾಗದ ಕೆಳಗಿಡಿ. ಇನ್ನೂ ಸ್ವಲ್ಪ ಎಡಕ್ಕೆ ತಿರುಗಿ. ನಾನು ಇಲ್ಲೇ ಕೂತಿದ್ದೇನೆ.